ಬಲಕ್ಕೆ ಬಿದ್ದದ್ದು

ಅಂಗಿಯ ಮೇಲಿನ ಗುಂಡಿಯೊಂದನ್ನು ಹಾಕಿಕೊಳ್ಳಲಾರದೆ ದೇವರಾಜ ಕನ್ನಡಿಯ ಮುಂದೆ ನಿಂತು ಬೆವರುತ್ತಿದ್ದ. ಗುಂಡಿ ಹಾಕುವುದಕ್ಕೆ ಉಗುರು ಬೇಕೆಂಬ ಸಂಗತಿ ಉಗುರು ನೆಟ್ಟಗಿರುವ ತನಕ ಯಾವ ಮನುಷ್ಯನಿಗೂ ಹೊಳೆಯುವುದಿಲ್ಲ. ಎಡಗೈಯ ಐದೂ ಬೆರಳಿಗೆ ಔಷಧಿ ಅಂಗಡಿಯ ಪಟ್ಟಿ ಸುತ್ತಿತ್ತು. ಅವು ಗುಂಡಿಯ ತೂತನ್ನು ತಡಕುತ್ತಿದ್ದವೇ ಹೊರತು ಹಿಡಿಯುತ್ತಿರಲಿಲ್ಲ. ಬಲಗೈಗೆ ಪಟ್ಟಿ ಇರಲಿಲ್ಲ. ಆದರೆ ಅದರ ಹೆಬ್ಬೆರಳಿನ ಉಗುರು ಬುಡದಿಂದ ಪೂರ್ತಿ ಮೇಲೆದ್ದು, ತುದಿಯಲ್ಲಿ ಒಂದಿಷ್ಟು ಚರ್ಮಕ್ಕೆ ಮಾತ್ರ ಅಂಟಿಕೊಂಡಿತ್ತು. ಗುಂಡಿ ತಾಗಿದರೆ ಸಾಕು, ಹೋಯಿತು. ಅದು ಬೀಳಲಿ ಎಂದೇ ಅವನು ಕಾಯುತ್ತಿದ್ದ, ಆದರೆ ಹೀಗೆ ಬನಿಯನ್ನಿನೊಳಗೆ ಜಾರಿ ಬೀಳುವುದು ಅವನಿಗೆ ಬೇಡವಾಗಿತ್ತು. ಅಷ್ಟರಲ್ಲಿ ಜಗಲಿಯಿಂದ ದಾಸಮಾವ ಕೂಗಿದ. “ಹೋಯ್ ಮದುಮಗನೇ, ಹೊರಟ್ಯನಾ? ಹುಡುಗಿ ಕಡೆಯವ್ರು ಮುರ್ಡೇಶ್ವರದಿಂದ ಬಂದು ಮುಟ್ಟದ್ರೂ ನಿನ್ನ ಸಿಂಗಾರ ಮುಗಿಯೂದಿಲ್ಲ!” ದಾಸಮಾವ ಅಮ್ಮನ ತಮ್ಮ. ಯಾರ ಮನೆಯ ಕಾರ್ಯವಾದರೂ ಮೆರವಣಿಗೆಯ ಮುಂದೆ ನಡೆಯುವವನು ಅವನೇ. ಅಮ್ಮ ಗಣಪಿ ಒಳಗೆ ಬಂದು, “ಇತ್ಲಾಗೆ ತಿರುಗು” ಎಂದು ಎರಡೇ ಕ್ಷಣದಲ್ಲಿ ಗುಂಡಿ ಹಾಕಿ, ಪಟ್ಟಿ ಸುತ್ತಿದ ಬೆರಳುಗಳನ್ನು ನೋಡಿ, “ಕೈಗೆಂತ ಆತಾ?” ಎಂದಳು. “ಮೊಬೈಲ್ ಗ್ಲಾಸ್ ತಾಗ್ತು” ಎಂದ. ಐದೂ ಬೆರಳಿಗೆ ಒಟ್ಟಿಗೆ ತಾಗುವಂಥ ಗ್ಲಾಸು ಯಾವುದೆಂದು ಅವಳು ಕೇಳಲಿಲ್ಲ. ಮೂವತ್ತು ದಾಟಿದ ಗಂಡಸು ತಾಯಿಯ ಕೈಯಿಂದ ಗುಂಡಿ ಹಾಕಿಸಿಕೊಂಡು ಮದುವೆಯ ಮಾತಿಗೆ ಹೊರಟಿದ್ದಾನೆ, ಥೂ, ಎಂದು ಅವನಿಗೆ ನಾಚಿಕೆಯಾಯಿತು.

ಇದಕ್ಕೆಲ್ಲ ಮೂಲ ತಂಗಿ ಉಮಾಳ ಮಗಳು. ಭಟ್ಕಳದಿಂದ ಬಂದಿದ್ದ ಆ ಮೂರು ವರ್ಷದ ಪೋರಿ ತಾನು ಚೀಪಿ ಚೀಪಿ ಅರ್ಧ ಮಾಡಿದ್ದ ಚಾಕಲೇಟನ್ನು “ಮಾವಾ, ಆ ಮಾಡು” ಎಂದು ಇವನ ಬಾಯಿಗೆ ತುರುಕಿದ್ದಳು. ಇವನು ಬೇಡ ಎನ್ನಲಾರದೆ ಆ ಮಾಡಿದ್ದ. ವಾರದೊಳಗೆ ಮಗುವಿನ ಕೈಯಲ್ಲಿ, ಕಾಲಲ್ಲಿ, ಬಾಯಲ್ಲಿ ಎದ್ದ ಗುಳ್ಳೆಗಳೇ ಇವನಿಗೂ ಎದ್ದವು, ಜ್ವರ ಬಂತು, ಹೋಯಿತು. ಮಗು ಮರುದಿನದಿಂದಲೇ ಕುಣಿಯಿತು. ಇವನು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಹೊನ್ನಾವರದ ಅಂಗಡಿಯಲ್ಲಿ ಗಿರಾಕಿಯ ಮೊಬೈಲಿಗೆ ಗಾಜು ಅಂಟಿಸುತ್ತಿದ್ದಾಗ ನೋಡುತ್ತಾನೆ, ಉಗುರುಗಳೆಲ್ಲ ಬುಡದಲ್ಲಿ ಸೀಳು ಬಿಟ್ಟುಕೊಂಡು ಎದ್ದು ನಿಂತಿವೆ. ಕುಮಟೆಯ ಚರ್ಮದ ಡಾಕ್ಟರ ಹತ್ತಿರ ಓಡಿದ. ಅಲ್ಲಿ ಚೀಟಿ ಬರೆಯುವ ಹುಡುಗಿ ಕಾಯಿಲೆ ಕೇಳಿ ತಿಳಿದು, ತಲೆಯೆತ್ತದೆ, “ಮಗು ಎಲ್ಲಿ?” ಎಂದಳು. “ನಾನೇ” ಎಂದ. ಸುತ್ತ ಕೂತಿದ್ದ ತಾಯಂದಿರೆಲ್ಲ ಇವನನ್ನು ನೋಡಿದರು. ಡಾಕ್ಟರು ಒಂದು ಗಳಿಗೆ ಕೈ ನೋಡಿ, “ಒನಿಕೊಮಡೀಸಿಸ್” ಎಂದರು. ಹೆಸರೇ ಇಷ್ಟುದ್ದ ಇದ್ದರೆ ರೋಗ ಎಷ್ಟಿರಬೇಕು ಎಂದು ದೇವರಾಜ ಹೆದರಿದ. “ಹೆದರೂದೆಂತದೂ ಇಲ್ಲ. ಗುಳ್ಳೆ ಜ್ವರದ ಹಿಂದೆ ಉಗುರು ಕಳಚೂದು. ಈ ಜ್ವರ ಅಂಗನವಾಡಿ ಮಕ್ಕಳಿಗೆ ಬರೂದು. ನಿಮಗೆ ಬಂದದೆ, ಅಷ್ಟೇ. ಹಳೇದು ಬೀಳ್ತದೆ, ಹೊಸದು ಬರ್ತದೆ. ಕಿತ್ಕೊಳ್ಳಬೇಡಿ.” ಬಸ್ಸಿನಲ್ಲಿ ಹಿಂದೆ ಬರುವಾಗ, ದೊಡ್ಡವರ ರೋಗವೊಂದು ಬಂದಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು ಎಂದುಕೊಂಡ. ಯಾರಿಗೆ ಹೇಳುವುದು? ಸೊಂಟ ಹಿಡಿದಿದೆ ಎಂದರೆ ಜನ ಕನಿಕರಪಡುತ್ತಾರೆ. ಅಂಗನವಾಡಿಯ ರೋಗ ಬಂದಿದೆ ಎಂದರೆ ತನ್ನೂರು ಮಾವಿನಕುರ್ವೆಯ ದ್ವೀಪಕ್ಕೆ ದ್ವೀಪವೇ ದೋಣಿ ಕಟ್ಟಿಕೊಂಡು ಅಂಗಡಿಗೆ ನೋಡಲು ಬಂದೀತು.

ಅವನು ಯಾರಿಗೂ ಹೇಳಲಿಲ್ಲ. ಹೇಳದೆ ಒಳಗಿಟ್ಟುಕೊಂಡ ಸಂಗತಿ ಒಳಗೇ ಬೇರೆ ರೂಪ ತಾಳಿತು. ದೇವರಾಜನ ಬದುಕಿನಲ್ಲಿ ಇಲ್ಲಿಯ ತನಕ ಏನನ್ನು ತೀರ್ಮಾನಿಸಿದ್ದರೂ ಯಾವುದಾದರೊಂದು ವಸ್ತು ಬಿದ್ದೇ ತೀರ್ಮಾನವಾದದ್ದು. ಹೊಳೆಯ ದಂಡೆಯಲ್ಲಿ ಊರ ದೇವರು ಜಟಗನ ಕಲ್ಲಿದೆ. ಮನೆಯಲ್ಲಿ ಏನೇ ಅನುಮಾನ ಬರಲಿ, ಶನಿಯಾರನೆಂಬ ಮುದಿ ಪೂಜಾರಿ ಆ ಕಲ್ಲಿನ ಎರಡೂ ಭುಜಕ್ಕೆ ಒದ್ದೆ ಹೂವಿನ ಎಸಳುಗಳನ್ನು ಸಾಲಾಗಿ ಅಂಟಿಸಿ ಪ್ರಸಾದ ಕೇಳುತ್ತಾನೆ. ಮೊದಲು ಬೀಳುವ ಎಸಳು ಬಲಗಡೆಯದಾದರೆ ಹೌದು, ಎಡಗಡೆಯದಾದರೆ ಅಲ್ಲ. ಪೀಯೂಸಿಯೋ ಐಟಿಐಯೋ ಎಂದು ಕೇಳಿದಾಗ ಎಸಳು ಬಿತ್ತು, ಐಟಿಐ ಆಯಿತು. ದುಬೈಗೆ ಹೋಗಬೇಕೋ ಬೇಡವೋ ಎಂದಾಗ ಬಿತ್ತು, ಹೊನ್ನಾವರದ ಮೊಬೈಲ್ ಅಂಗಡಿಯಾಯಿತು. ಹೋದ ವರ್ಷ ಕುಮಟೆ ಕಡೆಯ ಒಂದು ಹುಡುಗಿಗೆ ಎಡಕ್ಕೆ ಬಿತ್ತು, ಇವನು “ಆತು” ಎಂದು ಎದ್ದು ಬಂದು ಊಟ ಮಾಡಿದ್ದ. ಅಂಗಡಿಯಲ್ಲಿ ಗಿರಾಕಿ ಎರಡು ಕವರು ಹಿಡಿದು ಯಾವುದು ಒಳ್ಳೆಯದು ಎಂದರೆ ಎರಡೂ ಒಳ್ಳೆಯದೇ ಎನ್ನುವವನು. ಇಂಥವನಿಗೆ ಮೈಮೇಲೇ ಹತ್ತು ಎಸಳು ಅಲುಗಾಡುತ್ತ ನಿಂತರೆ ಏನಾಗಬೇಕು? ಬಲಗೈ ಉಗುರು ಮೊದಲು ಬಿದ್ದರೆ ಮುರ್ಡೇಶ್ವರದ ಹುಡುಗಿ ಪೂರ್ಣಿಮಾಳ ಜೊತೆ ಮದುವೆ ಹೌದು, ಎಡಗೈಯದು ಬಿದ್ದರೆ ಅಲ್ಲ ಎಂದು ಒಂದು ದಿನ ಹೊಳೆ ದಾಟುವಾಗ ಮನಸ್ಸಿನಲ್ಲಿ ಬಂತು. ಬಂದದ್ದು ಹೋಗಲಿಲ್ಲ. ಬೇಡವೆಂದು ಅಳಿಸಿ ಹಾಕಲು ಅದು ಸೀಮೆಸುಣ್ಣದಲ್ಲಿ ಬರೆದದ್ದೇ?

ಅಲ್ಲಿಂದ ಅವನ ಮೋಸ ಶುರುವಾಯಿತು. ಮೊದಲು ಉದುರಿದ್ದು ಎಡಗಾಲಿನ ಕಿರುಬೆರಳಿನದು. ಸ್ನಾನದ ಕಲ್ಲಿನ ಮೇಲೆ ಅದನ್ನು ಕಂಡು ಅವನಿಗೆ ಚಳಿ ಹಿಡಿಯಿತು. ಆಮೇಲೆ, ಜಟಗನ ಕಲ್ಲಿಗೆ ಕಾಲೇ ಇಲ್ಲವಾದ್ದರಿಂದ ಕಾಲಿನದು ಲೆಕ್ಕಕ್ಕಿಲ್ಲ ಎಂದು ತಾನೇ ತೀರ್ಪು ಕೊಟ್ಟುಕೊಂಡ. ಸಂಜೆಯೇ ಔಷಧಿ ಅಂಗಡಿಗೆ ಹೋಗಿ ಪಟ್ಟಿ ತಂದು ಎಡಗೈಯ ಐದೂ ಬೆರಳಿಗೆ ಬಿಗಿದ. ಬೀಳುವುದಿದ್ದರೂ ಅವು ಒಳಗೇ ಬಿದ್ದಿರಲಿ, ಕಾಣದ್ದು ಬಿದ್ದ ಹಾಗಲ್ಲ. ಮರುದಿನ ಅಂಗಡಿಯಲ್ಲಿ ಒಂದು ಸತ್ತ ಮೊಬೈಲಿನ ಕಪ್ಪು ಪರದೆಯಲ್ಲಿ ತನ್ನ ಮುಖ ನೋಡಿಕೊಂಡಾಗ ಗಾಬರಿಯಾಯಿತು. ದೇವರು ನಮ್ಮ ಕಡೆ ಮುಖ ಮಾಡಿ ಕೂತಿರುತ್ತಾನಲ್ಲ, ಅವನ ಬಲ ನಮಗೆ ಎಡ! ಹಾಗಾದರೆ ತಾನು ಕಟ್ಟಿಟ್ಟಿರುವುದು ಹೌದನ್ನೋ ಅಲ್ಲವನ್ನೋ? ಅಂಗಡಿಯ ಹಿಂದೆ ಹೋಗಿ ಎಡಗೈಯ ಪಟ್ಟಿಯೆಲ್ಲ ಬಿಚ್ಚಿ ಬಲಗೈಗೆ ಸುತ್ತಿದ. ಸುತ್ತಿ ಮುಗಿಸುವಷ್ಟರಲ್ಲಿ ತಾನು ದೇವರಲ್ಲ, ತನ್ನ ಬಲ ತನ್ನ ಬಲವೇ ಎನಿಸಿ ಮತ್ತೆ ಬಿಚ್ಚಿ ಎಡಕ್ಕೇ ಸುತ್ತಿದ. ಅಷ್ಟು ಹೊತ್ತು ಗಿರಾಕಿಯೊಬ್ಬ ಕಟ್ಟೆಯ ಮೇಲೆ ಮೊಬೈಲು ಕುಟ್ಟುತ್ತ, “ಇಲ್ಲಿ ಜನ ಇದ್ರಾ, ಸತ್ರಾ?” ಎಂದು ಕೇಳುತ್ತಿದ್ದ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬಾರದು ಎನ್ನುತ್ತಾರೆ. ಇವನದು ಉಗುರಿಗೇ ಕೊಡಲಿ ಎತ್ತಿದ ಕೆಲಸವಾಗಿತ್ತು.

ಇಷ್ಟೆಲ್ಲ ಯಾಕೆಂದರೆ, ಅವನಿಗೆ ಪೂರ್ಣಿಮಾ ಬೇಕಾಗಿದ್ದಳು. ಬೇಕು ಎಂಬ ಪದ ಮೈಗೆ ತಾಗಿದ್ದು ಇದೇ ಮೊದಲ ಸಲ, ಅದಕ್ಕೇ ಅವನಿಗೆ ಅದರ ಅಭ್ಯಾಸವಿರಲಿಲ್ಲ. ಸಂಬಂಧ ತಂದವನು ದಾಸಮಾವ. ಹುಡುಗಿಗೆ ಮುರ್ಡೇಶ್ವರದ ಒಂದು ಹೋಟೆಲಿನಲ್ಲಿ ಕೆಲಸ, ಬಾಗಿಲ ಹತ್ತಿರ ಕೂತು ಬಂದವರಿಗೆ ಕೋಣೆಯ ಬೀಗ ಕೊಡುವುದು. ನೋಡುವ ಶಾಸ್ತ್ರದ ದಿನ ಇಬ್ಬರೂ ತಲೆ ಬಗ್ಗಿಸಿ ಒಬ್ಬರ ಕಾಲು ಒಬ್ಬರು ನೋಡಿದ್ದೇ ಬಂತು. ಆದರೆ ಆಮೇಲೆ ಒಂದು ದಿನ ಅವಳೊಬ್ಬಳೇ ಹೊನ್ನಾವರದ ಅಂಗಡಿಗೆ ಬಂದು, ಪರಿಚಯವೇ ಇಲ್ಲದವಳ ಹಾಗೆ, ಮೊಬೈಲಿಗೆ ಗಾಜು ಹಾಕಿಕೊಡಿ ಎಂದಳು. ಗಾಜಿನ ಮೇಲಿನ ತೆಳು ಪೊರೆಯ ಮೂಲೆ ಎಬ್ಬಿಸಲು ಇವನ ಬೆರಳಿಗೆ ಆಗಲಿಲ್ಲ. ಸಿಮ್ಮಿನ ಕಡ್ಡಿಯಿಂದ ಕೆರೆದ, ಹಲ್ಲಿನಿಂದ ಕಚ್ಚಲು ಹೋದ. ಅವಳು ಕೈಚಾಚಿ ಅದನ್ನು ಇಸಿದುಕೊಂಡು ಒಂದೇ ಸಲಕ್ಕೆ ಪೊರೆ ಎಬ್ಬಿಸಿ, ತಾನೇ ಗಾಜು ಅಂಟಿಸಿ, ಒಂದು ಗುಳ್ಳೆಯೂ ನಿಲ್ಲದ ಹಾಗೆ ಒತ್ತಿ, “ನಿಮ್ಮ ಅಂಗಡಿ ಬಾರೀ ಚೊಲೋ ಅದೆ. ಗಿರಾಕಿಯೇ ಕೆಲಸ ಮಾಡ್ಬೇಕು” ಎಂದಳು. ಮತ್ತೆ ಹೊರಡದೆ ಅಲ್ಲೇ ನಿಂತು, ಹೋಟೆಲಿಗೆ ಬರುವ ಪ್ರವಾಸಿಗರ ಕಥೆ ಹೇಳಿದಳು. ಕಿಟಕಿಯ ತುಂಬ ಸಮುದ್ರ ಕಾಣುವ ಜಾಗದಲ್ಲಿ ನಿಂತು, ಮೇಡಂ ಸಮುದ್ರ ಎಲ್ಲಿ ಎಂದು ಕೇಳುತ್ತಾರಂತೆ. “ನಾನು ಈಗ ತೋರ್ಸೂದಿಲ್ಲ. ಮೂರನೇ ಮಹಡಿಯಲ್ಲಿ ಅದೆ, ಲಿಫ್ಟ್ ಹಾಳಾಗದೆ ಅಂತ ಹೇಳ್ತೆ” ಎಂದಳು. ದೇವರಾಜ ಬಿದ್ದು ಬಿದ್ದು ನಕ್ಕ. ಅವಳು ಹೋದ ಮೇಲೆ ಅಂಗಡಿಯಲ್ಲಿ ಗಾಳಿ ಕಮ್ಮಿಯಾದಂತಾಯಿತು. ಈಗ ಜಟಗ ಎಡಕ್ಕೆ ಕೊಟ್ಟರೆ ಅಮ್ಮ ಮತ್ತೆ ಆ ಮಾತೆತ್ತಲಿಕ್ಕಿಲ್ಲ, ಅವಳ ಅಪ್ಪನೂ ಎತ್ತಲಿಕ್ಕಿಲ್ಲ, ಆ ಹುಡುಗಿ ಇನ್ನು ಯಾರ ಅಂಗಡಿಯಲ್ಲೋ ನಿಂತು ಇದೇ ಕಥೆ ಹೇಳುತ್ತಾಳೆ ಎಂದು ನೆನೆದರೆ ಅವನಿಗೆ ಅಳು ಬರುತ್ತಿತ್ತು.

ಅವನು ಅಮ್ಮ, ಮಾವನ ಜೊತೆ ಹೋಗಿ ಮುಟ್ಟುವಾಗ, ಪ್ರಸಾದ ಕೇಳಲೆಂದು ಹೊಳೆದಂಡೆಯ ಜಟಗನ ಕಟ್ಟೆಯ ಬಳಿ ಹೊನ್ನೆ ಮರದ ಕೆಳಗೆ ಹುಡುಗಿಯ ಕಡೆಯವರು ಆಗಲೇ ಬಂದು ಕೂತಿದ್ದರು. ಪೂರ್ಣಿಮಾ, ಅವಳ ಅಪ್ಪ ಸುಬ್ಬ, ಅತ್ತೆ ಮಂಗಲಾ. ಸುಬ್ಬ ಮೀನಿನ ಐಸ್ ಗಾಡಿ ಓಡಿಸುವ ಮನುಷ್ಯ, ಮಾತು ಕಡಿಮೆ. ಮಂಗಲಾ ಅವನ ಪಾಲಿನದನ್ನೂ ಸೇರಿಸಿ ಆಡುತ್ತಿದ್ದಳು. “ಮಾಣಿ ಕೈಗೆಂತ ಆಗದೆ?” ಎಂದಳು, ಕಂಡ ಕೂಡಲೇ. ಅಮ್ಮನೇ, “ಗ್ಲಾಸ್ ತಾಗ್ತಂಬ್ರು” ಎಂದಳು. “ಐದೂ ಬೆರಳಿಗಾ?” ಎಂದು ಮಂಗಲಾ ಬಾಯ ಮೇಲೆ ಕೈಯಿಟ್ಟಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ದೇವರಾಜ ಎಡಗೈಯನ್ನು ಬೆನ್ನ ಹಿಂದೆ ಬಿಟ್ಟ. ಬಲಗೈ ಕಾಣುತ್ತದೆಂದು ಅದನ್ನೂ ಬಿಟ್ಟ. ಎರಡೂ ಕೈ ಹಿಂದೆ ಕಟ್ಟಿಕೊಂಡು, ಪೊಲೀಸಿಗೆ ಸಿಕ್ಕವನಂತೆ ತಾನು ನಿಂತಿರುವುದು ಅವನಿಗೇ ಗೊತ್ತಾಗುತ್ತಿತ್ತು. ಪೂರ್ಣಿಮಾ ಒಮ್ಮೆ ನೋಡಿ ಮುಖ ತಿರುಗಿಸಿದಳು, ಅವಳ ಭುಜ ಅಲುಗಿದ್ದು ನಗುವಿಗೋ ಅಸಹ್ಯಕ್ಕೋ ತಿಳಿಯಲಿಲ್ಲ. ಸಂಪ್ರದಾಯದಂತೆ ಗಂಡಿನ ಕಡೆಯವರು ಜಟಗನ ಬಲಕ್ಕೆ, ಹೆಣ್ಣಿನ ಕಡೆಯವರು ಎಡಕ್ಕೆ ನಿಂತರು. ಪೂರ್ಣಿಮಾಳನ್ನು ಹಣ್ಣುಕಾಯಿಯ ತಟ್ಟೆ ಹಿಡಿಸಿ ಕಟ್ಟೆಯ ಅಂಚಿಗೇ ಕೂರಿಸಿದರು.

ಶನಿಯಾರನಿಗೆ ಎರಡು ಕಣ್ಣಿನಲ್ಲೂ ಪೊರೆ ಬಂದಿತ್ತು. ಒಂದನ್ನು ತೆಗೆಸಿದ್ದ, ಇನ್ನೊಂದನ್ನು ದೇವರ ಮೇಲೆ ಭಾರ ಹಾಕಿ ಬಿಟ್ಟಿದ್ದ. ಅಭ್ಯಾಸದ ಕೈಗೆ ಕಣ್ಣು ಬೇಕಾಗಿರಲಿಲ್ಲ. ಮಲ್ಲಿಗೆಯ ಎಸಳು ಬಿಡಿಸಿ, ಬಿಂದಿಗೆಯ ನೀರಿನಲ್ಲಿ ಅದ್ದಿ, ಕಲ್ಲಿನ ಈ ಭುಜಕ್ಕಿಷ್ಟು ಆ ಭುಜಕ್ಕಿಷ್ಟು ಸರಸರನೆ ಅಂಟಿಸಿದ. ಗಂಟೆ ಬಡಿದು, “ಎಲ್ಲರೂ ಕಣ್ ಮುಚ್ಕಣಿ. ನಾ ಹೇಳೂ ತನಕ ಯಾರೂ ಬಿಡೂಕಾಗ” ಎಂದು ತಾನೂ ಮುಚ್ಚಿಕೊಂಡು, ಏಳು ತಲೆಮಾರಿನ ಹಿಂದೆ ಜಟಗ ಹೊಳೆ ದಾಟಿ ಬಂದ ಕಥೆಯನ್ನು ರಾಗವಾಗಿ ಹೇಳತೊಡಗಿದ. ಆ ಕಥೆ ಶುರುವಾಯಿತೆಂದರೆ ಜಟಗ ನಿಜಕ್ಕೂ ಹೊಳೆ ದಾಟಿದಷ್ಟೇ ಹೊತ್ತು ಹಿಡಿಯುತ್ತದೆ. ದೇವರಾಜ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನೊಳಗೆ ಎಸಳುಗಳೇ ಕಂಡವು. ಬಲಕ್ಕೆ ಕೊಡು ಎಂದು ಬೇಡಿಕೊಳ್ಳಲು ಹೊರಟರೆ ನಾಲಿಗೆ ತಡೆಯಿತು. ಪಟ್ಟಿ ಸುತ್ತಿ ಮೋಸ ಮಾಡಿದವನು ಯಾವ ಮುಖದಿಂದ ಬೇಡುವುದು? ನೀನು ಬೆರಳು ಕಟ್ಟಿದೆ, ನಾನು ಭುಜ ಕಟ್ಟುತ್ತೇನೆ ಎಂದು ದೇವರು ಹೇಳಿದರೆ? ಪಟ್ಟಿ ಬಿಚ್ಚಿ ಎಸೆದರೆ ದೇವರಿಗೆ ಸಮಾಧಾನವಾದೀತು ಎನಿಸಿತು. ಆದರೆ ಬಿಚ್ಚಿದರೆ ಒಳಗೆ ಎಷ್ಟು ಉಗುರು ಆಗಲೇ ಬಿದ್ದಿವೆಯೋ, ಅವೆಲ್ಲ ಮಂಗಲಾಳ ಕಣ್ಣೆದುರಿಗೆ ಸುರಿದರೆ ಜಟಗನೂ ಹೆದರಿ ಹೊಳೆ ದಾಟಿ ವಾಪಸು ಹೋದಾನು. ಗಾಳಿ ಬೀಸಿತು. ಮರದ ಎಲೆಗಳೆಲ್ಲ ಒಂದು ಸಲ ಸದ್ದು ಮಾಡಿ ಸುಮ್ಮನಾದವು. ಅಯ್ಯೋ, ಈಗ ಬಿತ್ತು, ಎಡದ್ದೇ ಬಿತ್ತು ಎಂದುಕೊಂಡ. ದಾಸಮಾವ ಪಕ್ಕದಿಂದ ಮೊಣಕೈಯಲ್ಲಿ ತಿವಿದು, “ಕೈ ಮುಗ್ಯಾ ಸಮಾ!” ಎಂದು ಪಿಸುಗುಟ್ಟಿದ. ಹಿಂದೆ ಕಟ್ಟಿಕೊಂಡಿದ್ದ ಕೈಗಳನ್ನು ದೇವರಾಜ ಹೆದರಿ ಮುಂದೆ ತಂದು ಫಟ್ಟನೆ ಜೋಡಿಸಿದ. ಬಲಗೈ ಹೆಬ್ಬೆರಳಿಗೆ ತಣ್ಣಗಾಯಿತು.

ನೋವಿರಲಿಲ್ಲ. ಟೊಪ್ಪಿ ತೆಗೆದಾಗ ತಲೆಗೆ ತಣ್ಣಗಾಗುವುದಿಲ್ಲವೇ, ಅಷ್ಟೇ. ಕಣ್ಣು ಬಿಟ್ಟು ನೋಡಿದರೆ ಬೆರಳ ತುದಿ ಬೋಳಾಗಿತ್ತು. ಉಗುರು ಅವನ ಮುಂದೆ, ಕಟ್ಟೆಯ ಮೇಲೆ, ಸರಿಯಾಗಿ ಜಟಗನ ಬಲಗಡೆಯ ಬುಡದಲ್ಲಿ, ತೀರ್ಥದ ಹಸಿಯಲ್ಲಿ ಬೆಳ್ಳಗೆ ಅಂಗಾತ ಬಿದ್ದುಕೊಂಡಿತ್ತು. ಮೊದಲು ಅವನಿಗೆ ಸಂತೋಷವಾಯಿತು. ಬಲಗೈಯದೇ ಮೊದಲು ಬಿತ್ತಲ್ಲ! ಮರುಕ್ಷಣವೇ, ದೇವರ ಕಟ್ಟೆಯ ಮೇಲೆ ಮನುಷ್ಯನ ಉಗುರು, ಎಂಥ ಮೈಲಿಗೆ ಎನಿಸಿ, ಯಾರೂ ನೋಡುವ ಮೊದಲೇ ಎತ್ತಿಕೊಳ್ಳೋಣವೆಂದು ಬಗ್ಗಿ ಕೈ ಚಾಚಿದ. “ಮುಟ್ಬೇಡಾ!” ಎಂದು, ಸದ್ದಿಗೆ ಕಥೆ ನಿಲ್ಲಿಸಿ ಕಣ್ಣು ಬಿಟ್ಟಿದ್ದ ಶನಿಯಾರ ಗುಡುಗಿ, ಗಂಟೆಯ ಹಿಡಿಯಿಂದಲೇ ಅವನ ಕೈಗೆ ಬಾರಿಸಿದ. ಮುದುಕ ಪೊರೆ ತೆಗೆಸಿದ ಕಣ್ಣನ್ನು ಅರಳಿಸಿ ಕಟ್ಟೆಗೆ ಮೂಗು ತಾಗುವಷ್ಟು ಬಗ್ಗಿದ. “ಬಲಕ್ಕೆ ಆತು! ಜಟಗಪ್ಪಾ, ಚಂದ ಕೊಟ್ಟೆ! ಭುಜದಿಂದ ಸೀದಾ ಪಾದಕ್ಕೆ ಇಳಿಸಿದೆ!” ಗಂಟೆ ಬಡಿಯಿತು. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಂಗಲಾ, “ನಾ ಆಗಳೇ ಹೇಳ್ನಿಲ್ವಾ” ಎಂದು ಯಾರಿಗೋ ಹೇಳಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ದೇವರಾಜ ಕೇಳಿದ್ದ. ಇಲ್ಲಿ ದೇವರು ಬಾಯಿ ಬಿಡುವ ಮೊದಲೇ ಪೂಜಾರಿ ಕೊಟ್ಟುಬಿಟ್ಟಿದ್ದ. “ಮಾವಾ, ಅದು ಹೂವಲ್ಲ” ಎಂದು ದಾಸಮಾವನ ಕಿವಿಯಲ್ಲಿ ಹೇಳಿದ. “ಹೂವಲ್ದೇ ಮತ್ತೆಂತ, ಹಲಸಿನ ಹಣ್ಣಾ? ಸುಮ್ನಿರು” ಎಂದು ದಾಸಮಾವ ಆಗಲೇ ಊಟದ ಕಡೆ ಮುಖ ಮಾಡಿದ್ದ.

ಮುಂದೆ ನಡೆದದ್ದನ್ನು ದೇವರಾಜ ನಿಂತಲ್ಲೇ ನೋಡಿದ. ಶನಿಯಾರ ವೀಳ್ಯದೆಲೆಯ ತುದಿಯಿಂದ ಉಗುರನ್ನು ಭಕ್ತಿಯಿಂದ ಎತ್ತಿ, ಅದಕ್ಕೊಂದು ಚಿಟಿಕೆ ಕುಂಕುಮ ಹಾಕಿ, ಕಟ್ಟೆ ಸುತ್ತಿ ಹೋಗಿ ಪೂರ್ಣಿಮಾಳ ಕೈಗೆ ಕೊಟ್ಟ. “ಕಣ್ಣಿಗೊತ್ಕಂಡು ಮುಡ್ಕಣ್ಣಾ ತಂಗಿ.” ಪೂರ್ಣಿಮಾ ಎಲೆಯನ್ನು ಕಣ್ಣಿನ ಹತ್ತಿರ ತಂದವಳು ಅಲ್ಲಿಯೇ ನಿಲ್ಲಿಸಿದಳು. ಎಲೆಯನ್ನು ನೋಡಿದಳು. ಕಲ್ಲಿನ ಭುಜ ನೋಡಿದಳು. ಆಮೇಲೆ ತಲೆಯೆತ್ತಿ ಸೀದಾ ದೇವರಾಜನ ಬಲಗೈ ಹೆಬ್ಬೆರಳನ್ನು ನೋಡಿದಳು. ಅವನು ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿದ. ಮುಗಿಯಿತು, ಈಗ ಕಿರುಚುತ್ತಾಳೆ, ಎಲೆ ಬಿಸಾಡುತ್ತಾಳೆ, ಸುಬ್ಬ ಐಸಿನ ಗಾಡಿ ಹತ್ತಿಸಿಕೊಂಡು ಹೋಗುತ್ತಾನೆ, ಇನ್ನು ಹೊನ್ನಾವರದಿಂದ ಭಟ್ಕಳದ ತನಕ ತನ್ನ ಹೆಸರು ಉಗುರುದೇವರಾಜ. ಪೂರ್ಣಿಮಾ ಉಗುರನ್ನು ಎರಡು ಬೆರಳಲ್ಲಿ ಎತ್ತಿ, ಕಣ್ಣಿಗೆ ಒತ್ತಿಕೊಂಡು, ಜಡೆಯ ಮಲ್ಲಿಗೆ ದಂಡೆಯೊಳಗೆ ಸಿಕ್ಕಿಸಿಕೊಂಡಳು. ಸುತ್ತಲಿದ್ದವರೆಲ್ಲ ಕೈ ಮುಗಿದರು.

ದೇವರಾಜನ ಮನೆಯ ಅಂಗಳದಲ್ಲಿ ಅವಲಕ್ಕಿ, ಪಂಚಕಜ್ಜಾಯ, ಚಾ. ಹಿರಿಯರು ಮುಹೂರ್ತ ಯಾವ ತಿಂಗಳು, ಸಭಾಭವನ ಯಾವುದು ಎಂಬಲ್ಲಿಗೆ ಆಗಲೇ ಮುಟ್ಟಿದ್ದರು. ದೇವರಾಜ ಅವಲಕ್ಕಿಯ ತಟ್ಟೆ ಹಿಡಿದುಕೊಂಡು ಕೂತಿದ್ದ. ಪೂರ್ಣಿಮಾ ಆಚೆ ಈಚೆ ನಡೆದಾಗಲೆಲ್ಲ ಅವನ ಕಣ್ಣು ಜಡೆಯ ಮೇಲೇ. ಅಲ್ಲಿ, ಆ ಹೂಗಳ ನಡುವೆ ತನ್ನ ದೇಹದ ಒಂದು ತುಂಡು ಕೂತು ಸವಾರಿ ಮಾಡುತ್ತಿದೆ. ಸಂತೋಷಪಡಬೇಕೋ, ಎಲ್ಲಿಯಾದರೂ ಓಡಬೇಕೋ? ಹೌದು ಎಂದದ್ದು ದೇವರಲ್ಲ, ಅಂಗನವಾಡಿಯ ರೋಗ. ಇದನ್ನು ಮುಚ್ಚಿಟ್ಟು ತಾಳಿ ಕಟ್ಟಿದರೆ ಜೀವಮಾನವಿಡೀ ಅವಳ ಮುಖ ನೋಡಿದಾಗಲೆಲ್ಲ ಹೆಬ್ಬೆರಳು ತಣ್ಣಗಾಗುತ್ತದೆ. ಹೇಳಿದರೆ ಮತ್ತೆ ಪ್ರಸಾದ ಕೇಳಬೇಕು, ಕೇಳಿದರೆ ಎಡಕ್ಕೆ ಬೀಳಬಹುದು, ಬಿದ್ದರೆ ಅವಳಿಲ್ಲ. ಹೇಳಬೇಕೋ ಬಿಡಬೇಕೋ ಎಂದು ಅಂಗಳದ ತುಳಸಿಗಿಡವನ್ನು ನೋಡಿದ. ಅಲ್ಲಿಂದ ಒಂದು ಎಲೆಯೂ ಬೀಳಲಿಲ್ಲ. ಪೂರ್ಣಿಮಾ ಕೈ ತೊಳೆಯಲು ಮನೆಯ ಬದಿಯ ನಲ್ಲಿಯ ಕಡೆ ಹೋದಳು. ಇವನು ತಟ್ಟೆ ಹಿಡಿದುಕೊಂಡೇ ಎದ್ದು ಹಿಂದೆ ಹೋದ.

ಅವಳು ಕೈ ತೊಳೆದು, ಜಡೆಗೆ ಕೈ ಹಾಕಿ, ಉಗುರನ್ನು ತೆಗೆದು ಅಂಗೈಯಲ್ಲಿಟ್ಟು ಮುಂದೆ ಚಾಚಿದಳು. “ಇದು ನಿಮ್ದು ಅಲ್ದಾ?”

“ಹೌದು” ಎಂದ. ನೆಲ ಬಾಯಿ ಬಿಡಲಿಲ್ಲ.

“ಉಳಿದದ್ದು ಎಲ್ಲಿ ಅದೆ?”

ಅವನು ಎಡಗೈ ತೋರಿಸಿ, ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ. ಉಮಾಳ ಮಗಳು, ಚಾಕಲೇಟು, ಆ ಮಾಡಿದ್ದು, ಡಾಕ್ಟರು ಹೇಳಿದ ಹೆಸರು, “ಮಗು ಎಲ್ಲಿ” ಎಂದ ಹುಡುಗಿ, ಎಡ ಬಲ, ಪಟ್ಟಿ ಬಿಚ್ಚಿದ್ದು, ಮತ್ತೆ ಸುತ್ತಿದ್ದು. ಅಂಟುರೋಗವಲ್ಲವೇ ಎಂದು ಅವಳು ಕೇಳಬಹುದೆಂದು, ಈಗ ಯಾರಿಗೂ ಅಂಟುವುದಿಲ್ಲವಂತೆ ಎಂಬುದನ್ನೂ ಸೇರಿಸಿದ. “ಮಗು ಎಲ್ಲಿ” ಎಂಬಲ್ಲಿಗೆ ಪೂರ್ಣಿಮಾ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಪಟ್ಟಿ ಬಿಚ್ಚಿ ಸುತ್ತಿದ ಭಾಗಕ್ಕೆ ಬಂದಾಗ ನಲ್ಲಿಯ ಕಂಬ ಹಿಡಿದು ಕೂತೇಬಿಟ್ಟಳು. ಅವಳು ನಗುತ್ತಿದ್ದರೆ ದೇವರಾಜನಿಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದಂತಾಗಿ, ಅವನಿಗೆ ಅವಳ ಮೇಲೆ ಮತ್ತಷ್ಟು ಪ್ರೀತಿ ಬಂತು. ಪ್ರೀತಿ ಬಂದದ್ದಕ್ಕೇ ಹೆದರಿಕೆಯೂ ಬಂತು.

“ಮತ್ತೊಂದ್ಸಲ ಕೇಳ್ವ” ಎಂದ. “ಶನಿಯಾರಜ್ಜನಿಗೆ ಹೇಳ್ತೆ. ಇದು ಮೋಸ. ನಿಮಗೆ ಮೋಸ, ದೇವ್ರಿಗೂ ಮೋಸ.”

“ಬ್ಯಾಡ” ಎಂದಳು ಪೂರ್ಣಿಮಾ. ನಗು ನಿಂತಿತ್ತು.

“ಎಂತಕ್ಕೆ?”

ಅವಳು ಅಂಗಳದ ಕಡೆ ಒಮ್ಮೆ ಇಣುಕಿ ನೋಡಿ, ಧ್ವನಿ ಇಳಿಸಿದಳು. “ಎಡದ್ದು ಮೊದಲೇ ಬಿದ್ದಿತ್ತು.”

ದೇವರಾಜನ ಕೈಯಿಂದ ಅವಲಕ್ಕಿಯ ತಟ್ಟೆ ವಾಲಿತು.

“ಗಾಳಿ ಬಂತಲ್ಲ, ಆಗ. ಎಲ್ಲರೂ ಕಣ್ ಮುಚ್ಚಿದ್ರಿ, ನಾ ಬಿಟ್ಕಂಡೇ ಇದ್ದೆ. ಸೀದಾ ಬಂದು ನನ್ನ ತಟ್ಟೆ ಮೇಲೆ ಬಿತ್ತು. ಎರಡು ವರ್ಷದಿಂದ ನಮ್ಮನೆಲಿ ಇದೇ ಆಟ. ಯಾರನ್ನ ಕೇಳದ್ರೂ ಎಡಕ್ಕೆ. ಅವ್ರು ಯಾರೂ ನನಗೂ ಬೇಕಾಗಿರ್ಲಿಲ್ಲ, ಹೋದ್ರೆ ಹೋಗ್ಲಿ ಅಂದೆ. ಈ ಸಲ ಹಾಗೆ ಅನ್ನೂಕಾಗ್ಲಿಲ್ಲ.”

“ಎಲ್ಲಿ ಅದೆ ಅದು? ಆ ಎಸಳು?”

“ತಿಂದೆ.”

“ತಿಂದ್ರಾ?”

“ಮತ್ತೆಂತ ಮಾಡೂದು? ಮುಷ್ಟಿಯಲ್ಲಿ ಇಟ್ಕಂಡ್ರೆ ಅಜ್ಜ ಕೈ ನೀಡು ಅಂತಿದ್ದ. ತುಳಿದ್ರೆ ಪಾಪ. ಬಾಯಿಗೆ ಹಾಕ್ಕಂಡೆ. ಪ್ರಸಾದ ತಿನ್ನೂಕಾಗ ಅಂತ ಯಾರು ಹೇಳಿರು?” ಎಂದಳು. ಹೇಳುವಾಗ ಗಟ್ಟಿಯಾಗಿದ್ದ ಧ್ವನಿ ಕೊನೆಗೆ ಸಣ್ಣಗಾಯಿತು. ಕಣ್ಣಲ್ಲಿ ನೀರು ಬಂದಿತ್ತು. “ಕಹಿ ಇತ್ತು.”

ದೇವರಾಜ ವಾಲಿದ ತಟ್ಟೆಯನ್ನು ಕೆಳಗಿಟ್ಟ. ದೇವರ ಒಂದು ‘ಅಲ್ಲ’ ಅವಳ ಒಳಗೆ ಇಳಿದುಹೋಗಿತ್ತು. ಜಟಗ ತನ್ನ ಮಾತನ್ನು ಆಡಿಯಾಗಿದೆ, ಆ ಮಾತನ್ನು ಈ ಹುಡುಗಿ ತನಗಾಗಿ, ತನ್ನಂಥ ಉಗುರಿಲ್ಲದವನಿಗಾಗಿ ನುಂಗಿ ಕೂತಿದ್ದಾಳೆ. ಇಷ್ಟು ಹೊತ್ತು ಅವನಿಗೆ ಅನುಮಾನವಾದರೂ ಇತ್ತು. ಈಗ ಅದೂ ಇಲ್ಲ. ದೇವರು ಬೇಡ ಎಂದದ್ದು ಅವನಿಗೆ ಗೊತ್ತಾಗಿಹೋಯಿತು.

“ದೇವ್ರು ಹೇಳ್ದ್ದು ಹೇಳ್ದೆ ನಿಮಗೆ” ಎಂದಳು ಪೂರ್ಣಿಮಾ, ಮುಂಗೈಯಿಂದ ಮೂಗು ಒರೆಸಿಕೊಳ್ಳುತ್ತ. “ಮುಚ್ಚಿಟ್ಟಿದ್ರೆ ಆಗ್ತಿತ್ತು. ನೀವು ನಿಮ್ಮದು ಹೇಳದ್ರಿ, ನಾನೂ ಹೇಳ್ದೆ. ಈಗ ನೀವು ಹೇಳಿ. ಎಂತ ಮಾಡ್ವ?”

ಅವನು ಬಲಕ್ಕೆ ನೋಡಿದ, ಅಲ್ಲಿ ಗೋಡೆಯಿತ್ತು. ಎಡಕ್ಕೆ ನೋಡಿದ, ಅಲ್ಲಿ ಬಾಳೆಗಿಡವಿತ್ತು. ಕೇಳಲು ಯಾರೂ ಇರಲಿಲ್ಲ. ಜಟಗನಿಗೆ ಸಿಟ್ಟು ಬಂದರೆ? ಬರಲಿ. ಉಳಿದ ಒಂಬತ್ತೂ ಹೋದರೆ? ಹೋಗಲಿ, ಹೊಸತು ಬರುತ್ತದಂತೆ. ಹೆಬ್ಬೆರಳಿನ ತುದಿಯ ಎಳೆಯ ಚರ್ಮಕ್ಕೆ ಗಾಳಿ ಸೋಕಿ ಚುಳುಚುಳು ಎಂದಿತು. ಒಳಗಿನಿಂದ ಒಂದು ಮಾತು ಎದ್ದು ಬಂತು, ಅಭ್ಯಾಸವಿಲ್ಲದ್ದರಿಂದ ಅದನ್ನು ಎಷ್ಟು ಗಟ್ಟಿಯಾಗಿ ಆಡಬೇಕೆಂದು ಅವನಿಗೆ ತಿಳಿಯಲಿಲ್ಲ.

“ನಂಗೆ ನೀವು ಬೇಕು!” ಎಂದು ದೇವರಾಜ ಕಿರುಚಿದ. “ಮದ್ವೆ ಆಗ್ವ!”

ಬಾಳೆಗಿಡದ ಕಾಗೆ ಹಾರಿತು. ಅಂಗಳದಲ್ಲಿ ಮಾತು ನಿಂತಿತು. ಅಮ್ಮ ಚಾದ ಪಾತ್ರೆ ಹಿಡಿದುಕೊಂಡೇ ಮೂಲೆಗೆ ಓಡಿ ಬಂದಳು, ಅವಳ ಹಿಂದೆ ಸುಬ್ಬ, ಅವನ ಹಿಂದೆ ಮಂಗಲಾ. ಎಲ್ಲರನ್ನೂ ದಾಟಿಕೊಂಡು ಬಾಯಿ ತುಂಬ ಪಂಚಕಜ್ಜಾಯ ತುಂಬಿಕೊಂಡಿದ್ದ ದಾಸಮಾವ ಮುಂದೆ ಬಂದ.

“ಎಂಥ ಕೂಗಾ ಇದು? ಮಾನ ಮರ್ಯಾದೆ ಇಲ್ವ?” ಎಂದ ಅವನು. “ದೇವ್ರೇ ಹೇಳಿಯಾತಲ್ಲ ಮಾರಾಯ. ಇನ್ನು ನಿನ್ನ ಕೇಳಿದ್ದು ಯಾರು?”

“ನಾನು” ಎಂದಳು ಪೂರ್ಣಿಮಾ.